ಚೌಕಾಸಿ ಮಾಡುವ ಸ್ವಾತಂತ್ರ್ಯ

(ಶಿರಸಿಯಲ್ಲಿ ಗೆಳೆಯರ ಬಳಗವೊಂದು ಏರ್ಪಡಿಸಿದ್ದ ಸಂಜೆಯ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ನಮ್ಮ ಜಿಲ್ಲೆಯಲ್ಲಿ ಗುರುತು ಸಿಗದ ಹಾಗೆ ಓಡಾಡುವುದು ಯಾರಿಗೂ ಸುಲಭವಲ್ಲ. ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಕತ್ತಿನ ತುಂಬ ಮಣಿಸರ ಹಾಕಿಕೊಂಡ ಅಜ್ಜಿ ಇಳಿದರೆ ಹಾಲಕ್ಕಿಯವರು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಯಲ್ಲಾಪುರ, ಹಳಿಯಾಳದ ಸಿದ್ದಿಯರನ್ನು ಯಾರು ಎಂದು ಯಾರೂ ಕೇಳಬೇಕಿಲ್ಲ. ಇನ್ನು ಶಿರಸಿ ಕಡೆಯವರು ಬಾಯಿ ಬಿಟ್ಟರೆ ಸಾಕು, ಯಾವ ಸೀಮೆ, ಯಾವ ಕೇರಿ ಎಂದು ಹೇಳಿಬಿಡುವ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ನಗಬೇಡಿ, ನಿಮ್ಮನ್ನೇ ಹೇಳಿದ್ದು. ಹೆಸರು ಕೇಳಿ, ಅಡ್ಡಹೆಸರು ಕೇಳಿ, ಊರು ಕೇಳಿ, ಚಹಾ ಬರುವಷ್ಟರಲ್ಲಿ ಎದುರಿನವರ ಅಜ್ಜನ ಮನೆ ತನಕ ಹೋಗಿ ಬರುವುದು ನಮ್ಮ ಕಡೆಯ ರೂಢಿ.

ಹಾಗಾಗಿ, ನೋಡಿದ ಕೂಡಲೇ ನಾನು ಮುಸ್ಲಿಂ ಎಂದು ಗೊತ್ತಾಗುತ್ತದೆ ಎನ್ನುವುದನ್ನೇ ದೊಡ್ಡ ದೂರು ಮಾಡಿಕೊಂಡು ನಾನು ಬಂದಿಲ್ಲ. ಗೊತ್ತಾಗಲಿ. ಶಾಲೆಗೆ ಹೋಗುವಾಗ ಸೀರೆಯ ಮೇಲೆ ಸ್ಕಾರ್ಫ್ ಕಟ್ಟುತ್ತೇನೆ, ಪೇಟೆಗೆ ಹೊರಟರೆ ಬುರ್ಖಾ. ಗುಟ್ಟಾಗಿ ಮಾಡುವ ಕೆಲಸ ಅಲ್ಲವಲ್ಲ ಅದು. ಗೊತ್ತಾದ ಮೇಲೆ ಏನಾಗುತ್ತದೆ ಎನ್ನುವುದಷ್ಟೇ ಇವತ್ತಿನ ವಿಷಯ. ಅದರಲ್ಲೂ ದೊಡ್ಡ ಗಲಾಟೆಗಳ ಬಗ್ಗೆ ಕಡಿಮೆ ಹೇಳುತ್ತೇನೆ, ದಿನದಿನದ ಸಣ್ಣ ಲೆಕ್ಕಾಚಾರಗಳ ಬಗ್ಗೆ ಜಾಸ್ತಿ.

ನಾನು ಹೊನ್ನಾವರ ತಾಲ್ಲೂಕಿನವಳು. ಮನೆಮಾತು ನವಾಯತಿ, ಈ ಕರಾವಳಿಯ ನವಾಯತ ಮುಸ್ಲಿಮರ ಭಾಷೆ. ಕೊಂಕಣಿಗೆ ಹತ್ತಿರದ್ದು, ಅರಬ್ಬಿ, ಫಾರಸಿ ಬೆರೆತದ್ದು. ಹೊಟ್ಟೆಪಾಡು ಕನ್ನಡ. ಮಕ್ಕಳಿಗೆ ಛಂದಸ್ಸು ಕಲಿಸುತ್ತೇನೆ, ಲಘು ಗುರು ಹಾಕಿಸುತ್ತೇನೆ. ಕನ್ನಡ ಟೀಚರ್ ಎಂದ ಕೂಡಲೇ ಎಷ್ಟೋ ಜನರ ಹುಬ್ಬು ಮೇಲೇರುತ್ತದೆ. "ಓ, ಕನ್ನಡನಾ? ಎಷ್ಟು ಚಂದ ಮಾತಾಡ್ತೀರಿ!" ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ನನ್ನ ಜೊತೆ ಬಿ.ಎಡ್. ಮಾಡಿದ ಗೆಳತಿಯೊಬ್ಬಳು ಇವತ್ತಿಗೂ ಅಲ್ಪಪ್ರಾಣ ಮಹಾಪ್ರಾಣ ಬೆರೆಸಿ ಬೋರ್ಡಿನ ಮೇಲೆ ಬರೆಯುತ್ತಾಳೆ. ಅವಳಿಗೆ ಯಾರೂ ಇಷ್ಟು ಚಂದದ ಮಾತು ಹೇಳಿದ್ದಿಲ್ಲ. ನಮ್ಮಿಬ್ಬರಲ್ಲಿ ಅವಳೇ ಪುಣ್ಯವಂತೆ. ಕೆಟ್ಟ ಕಾಗುಣಿತ ಬರೆದರೂ ಅದು ಅವಳೊಬ್ಬಳದೇ ತಪ್ಪು. ಅವಳ ಇಡೀ ಸಮಾಜಕ್ಕೆ ಕನ್ನಡ ಬರುವುದಿಲ್ಲ ಎಂದು ಯಾರೂ ತೀರ್ಮಾನ ಮಾಡುವುದಿಲ್ಲ.

ನನ್ನ ವಿಷಯ ಇರುವುದು ಇಲ್ಲೇ. ಒಂದು ಮೀನುಪೇಟೆಗೆ ಕರೆದುಕೊಂಡು ಹೋಗುತ್ತೇನೆ, ಬನ್ನಿ. ಸಭೆಯಲ್ಲಿ ಸಸ್ಯಾಹಾರಿಗಳು ಜಾಸ್ತಿ ಇದ್ದ ಹಾಗಿದೆ, ಮೂಗು ಮುಚ್ಚಿಕೊಂಡಾದರೂ ಬನ್ನಿ.

ಕುಮಟಾ ಮೀನುಪೇಟೆಯಲ್ಲಿ ನನಗೊಬ್ಬರು ಕಾಯಂ ಮೀನಿನ ಅಕ್ಕ ಇದ್ದಾರೆ. ಬಂಗಡೆ ಹೇಗೆ ಎಂದರೆ ನೂರಕ್ಕೆ ಐದು ಎನ್ನುತ್ತಾರೆ. "ಐದಾ? ಮೊನ್ನೆ ಎಂಟು ಕೊಟ್ಟಿದ್ಯಲ್ಲೇ." "ಮೊನ್ನೆ ಸಮುದ್ರ ಬೇರೆ, ಇವತ್ತಿನ ಸಮುದ್ರ ಬೇರೆ. ತಕಂಬೂದಾದ್ರೆ ತಕೋ, ಇಲ್ದಿದ್ರೆ ದಾರಿ ಬಿಡು." ನಾನು ಬಗ್ಗಿ ಒಂದು ಮೀನಿನ ಕಿವಿರು ಎತ್ತುತ್ತೇನೆ. ಕೆಂಪು ಸಾಲದು. ಹೊಟ್ಟೆ ಒತ್ತುತ್ತೇನೆ, ಬೆರಳು ಒಳಗೆ ಹೋಗುತ್ತದೆ. "ಇದು ಐಸಿನ ಮೀನು." ಅಷ್ಟಕ್ಕೆ ಸಾಕು, ಅಕ್ಕ ಸೊಂಟಕ್ಕೆ ಕೈ ಇಟ್ಟು ನಿಂತರು. "ಬುರ್ಖಾ ಹಾಕ್ಕಂಡು ಇಷ್ಟ್ ಚೌಕಾಸಿ ಮಾಡೋರ‍್ನ ನಾ ಕಂಡೇ ಇಲ್ಲ." "ಬುಟ್ಟಿ ಇಟ್ಕಂಡು ಇಷ್ಟ್ ಸುಳ್ಳು ಹೇಳೋರ‍್ನ ನಾನೂ ಕಂಡಿಲ್ಲ." ಪಕ್ಕದ ಬುಟ್ಟಿಯವರು ನಗುತ್ತಾರೆ. ಕೊನೆಗೆ ಆರಕ್ಕೆ ವ್ಯಾಪಾರ ಮುಗಿಯುತ್ತದೆ. ಬಾಳೆಲೆಯಲ್ಲೋ ಪ್ಲಾಸ್ಟಿಕ್ಕಿನಲ್ಲೋ ಕಟ್ಟುವಾಗ ಒಂದು ಸಣ್ಣದನ್ನು ಮೇಲೆ ಹಾಕಿ, "ನಿನ್ನ ಬೆಕ್ಕಿಗೆ" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಅದು ಅವರಿಗೂ ಗೊತ್ತು.

ಇಲ್ಲಿ ಗಮನಿಸಿ. ಅವರಿಗೆ ನನ್ನ ಬುರ್ಖಾ ಕಾಣಲಿಲ್ಲ ಎಂದಲ್ಲ. ಕಂಡಿತು, ಬಾಯಿಬಿಟ್ಟು ಹೇಳಿಯೂ ಬಿಟ್ಟರು. ಆಮೇಲೂ ಜಗಳ ನಡೆದದ್ದು ಬಂಗಡೆಯ ಬಗ್ಗೆ. ನಾನು ಅಲ್ಲಿ ಜಿಪುಣಿ ಆಗಬಹುದು, ಜಗಳಗಂಟಿ ಆಗಬಹುದು, ಸುಮ್ನೆ ರಗಳೆ ಮಾಡಬಹುದು. ಅದೆಲ್ಲ ನನ್ನೊಬ್ಬಳ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಅದೇ ನಾನು ಒಂದು ಆಫೀಸಿನ ಕಿಟಕಿಯ ಎದುರು ಕ್ಯೂನಲ್ಲಿ ನಿಂತಾಗ ಬೇರೆಯೇ ಹೆಂಗಸು. ಯಾವ ಆಫೀಸು ಎಂದು ಕೇಳಬೇಡಿ, ಎಲ್ಲ ಆಫೀಸೂ ಒಂದೇ. ನಾಳೆ ಬನ್ನಿ ಎಂದರು, ಹೋದೆ. ಸಾಹೇಬರಿಲ್ಲ ಎಂದರು, ಮತ್ತೆ ಹೋದೆ. ಒಂದು ಝೆರಾಕ್ಸ್ ಕಮ್ಮಿ ಇದೆ ಎಂದರು. ನನ್ನ ಹಿಂದಿದ್ದ ಒಬ್ಬರು ಇದೇ ಮಾತಿಗೆ ಟೇಬಲ್ ಕುಟ್ಟಿ, "ಸಂಬಳ ತಗೊಳ್ಳೋದು ಯಾತಕ್ಕೆ?" ಎಂದು ಕೂಗಿದರು. ಅವರ ಕೆಲಸ ಆಯಿತು. ನನಗೂ ಅಷ್ಟೇ ಸಿಟ್ಟು ಬಂದಿತ್ತು. ಆದರೆ ನಾನು ನಕ್ಕೆ. "ಪರವಾಗಿಲ್ಲ ಸರ್, ತಂದುಕೊಡುತ್ತೇನೆ" ಎಂದೆ. ಯಾಕೆ ಹೇಳಿ? ಆ ಮನುಷ್ಯ ಕೂಗಿದಾಗ ಒಬ್ಬ ಗಿರಾಕಿ ಕೂಗಿದ. ನಾನು ಕೂಗಿದರೆ ಸಾಬರ ಹೆಂಗಸು ಕೂಗಿದಳು ಎಂದಾಗುತ್ತದೆ. ಕ್ಯೂನಲ್ಲಿದ್ದವರು ಮನೆಗೆ ಹೋಗಿ ಊಟದ ಹೊತ್ತಿಗೆ ಅದನ್ನೇ ಹೇಳುತ್ತಾರೆ. ಅಥವಾ ಹೇಳದೆಯೂ ಇರಬಹುದು. ಹೇಳುತ್ತಾರೇನೋ ಎಂದು ನಾನೇ ಮೊದಲು ಲೆಕ್ಕ ಹಾಕಿ ನಗುತ್ತೇನಲ್ಲ, ಸುಸ್ತು ಮಾಡುವುದು ಅದು.

ಈ ಲೆಕ್ಕದ ಪಟ್ಟಿ ಉದ್ದವಿದೆ. ರೈಲಿನಲ್ಲಿ ಬ್ಯಾಗ್ ಬಿಟ್ಟು ಟಾಯ್ಲೆಟ್ಟಿಗೆ ಹೋಗಬೇಕಾದರೆ ಪಕ್ಕದವರಿಗೆ ನಗುತ್ತ ಹೇಳಿಯೇ ಹೋಗಬೇಕು. ಅಮ್ಮ ಫೋನ್ ಮಾಡಿದರೆ ಸಲಾಂ ಹೇಳುವುದು ಗಂಟಲಲ್ಲೇ. ಸೀಟಿನಲ್ಲಿ ಕೂತ ಮೇಲೆ ಯಾರ ಜೊತೆಗಾದರೂ ಕನ್ನಡದಲ್ಲಿ ಎರಡು ಮಾತು ಗಟ್ಟಿಯಾಗಿ ಆಡಬೇಕು, ಆಗ ಎದುರಿನವರ ಭುಜ ಸ್ವಲ್ಪ ಸಡಿಲವಾಗುತ್ತದೆ. ಶೇಂಗಾ ಸಿಪ್ಪೆ ಕೆಳಗೆ ಹಾಕುವ ಹಾಗಿಲ್ಲ. ನಿಮ್ಮಲ್ಲೂ ಒಳ್ಳೆಯವರು ಯಾರೂ ಹಾಕುವುದಿಲ್ಲ, ಒಪ್ಪಿದೆ. ಆದರೆ ಹಾಕಬೇಕು ಅನ್ನಿಸಿದಾಗ ಹಾಕಿಬಿಡುವ ಸೋಮಾರಿತನ ನಿಮಗಿದೆ, ನನಗೆ ಅದೂ ಇಲ್ಲ.

ಇದು ನನ್ನ ಅತಿಯಾದ ಕಲ್ಪನೆ ಎಂದು ಕೆಲವರಿಗೆ ಅನ್ನಿಸಬಹುದು. ಮುಸ್ಲಿಮರ ಸ್ಥಿತಿಗತಿಯ ಬಗ್ಗೆ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ 2006ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತಲ್ಲ, ಅದನ್ನು ಎಲ್ಲರೂ ಬಡತನ, ಶಿಕ್ಷಣ, ಸರ್ಕಾರಿ ನೌಕರಿಯ ಅಂಕಿಸಂಖ್ಯೆಗೆಂದು ಓದುತ್ತಾರೆ. ಅದರ ಮೊದಲ ಭಾಗದಲ್ಲಿ ಗುರುತಿನ ಬಗ್ಗೆಯೇ ಕೆಲವು ಪುಟಗಳಿವೆ. ಬುರ್ಖಾ, ಗಡ್ಡ, ಟೋಪಿ ಇವೆಲ್ಲ ಮುಸ್ಲಿಮರ ವಿಶಿಷ್ಟತೆಯಾಗಿದ್ದರ ಜೊತೆಗೇ ಅವರ ಚಿಂತೆಯ ಕಾರಣವೂ ಆಗಿವೆ ಎಂದು ಅಲ್ಲಿ ಹೇಳಿದೆ. ಬುರ್ಖಾ ಹಾಕಿದ ಹೆಂಗಸರು ಮಾರುಕಟ್ಟೆಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ತಮ್ಮನ್ನು ಒರಟಾಗಿ ನಡೆಸಿಕೊಳ್ಳುತ್ತಾರೆ ಎಂದು ಹೇಳಿಕೊಂಡದ್ದು ಅದರಲ್ಲಿದೆ. ಬಾಡಿಗೆ ಮನೆ ಸಿಗದಿರುವುದೂ ಇದೆ. ಅದನ್ನು ಓದುವಾಗ ನನಗೆ ದುಃಖಕ್ಕಿಂತ ಒಂಥರಾ ಸಮಾಧಾನವೇ ಆಯಿತು. ಸರ್ಕಾರಿ ವರದಿಯಲ್ಲಿ ಬಸ್ಸಿನ ಸೀಟು ಬಂದಿತ್ತು.

ಕಾಣದ ಗುರುತೂ ಒಂದಿದೆ, ಅದು ಹೆಸರು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ಇಬ್ಬರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕಂಪನಿಗಳ ಕೆಲಸಕ್ಕೆ ಅರ್ಜಿ ಹಾಕಿಸಿದರು. ಓದು ಒಂದೇ, ಅನುಭವ ಒಂದೇ. ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಮುಸ್ಲಿಂ ಹೆಸರಿನ ಅರ್ಜಿಗೆ ಮುಂದಿನ ಸುತ್ತಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲೊಂದು ಪಾಲು. ದಲಿತ ಹೆಸರಿಗೂ ಕಡಿಮೆಯೇ ಇತ್ತು. ಭಟ್ಕಳದವರಿಗೆ ಇನ್ನೊಂದು ಕಷ್ಟ ಸೇರಿಕೊಂಡಿದೆ. ಅಲ್ಲಿಯ ಕೆಲವರ ಮೇಲೆ ಭಯೋತ್ಪಾದನೆಯ ಆರೋಪ ಬಂದ ಮೇಲೆ ಟಿವಿಯವರು ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಬಿಟ್ಟರು. ಬೆಂಗಳೂರಿನಲ್ಲಿ ರೂಮು ಹುಡುಕುವ ಹುಡುಗರು ಊರು ಯಾವುದೆಂದರೆ ಮುರ್ಡೇಶ್ವರದ ಹತ್ತಿರ ಎನ್ನುತ್ತಾರೆ. ಸುಳ್ಳಂತೂ ಅಲ್ಲ, ಹತ್ತಿರವೇ ಇದೆ.

ನನ್ನ ತಮ್ಮನ ಕಥೆ ಹೇಳಬೇಕು. ಅವನು ಗಡ್ಡ ಬಿಡುವುದಿಲ್ಲ. ಟೀಶರ್ಟು, ಜೀನ್ಸು. ನೋಡಿದರೆ ಯಾರೂ ಆಗಬಹುದು. ಅವನಿಗೆ ನನ್ನ ಹಾಗೆ ಕಷ್ಟವಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಒಮ್ಮೆ ಊಟಕ್ಕೆ ಕೂತಾಗ ಅವನು ಹೇಳಿದ್ದು ಬೇರೆ. ಕುಮಟಾದಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ ಎದುರು ಸೀಟಿನವರು ಚಕ್ಕುಲಿ ಡಬ್ಬಿ ತೆಗೆದು ಎಲ್ಲರಿಗೂ ಕೊಟ್ಟರಂತೆ, ಇವನಿಗೂ. ಒಳ್ಳೆಯ ಜನ. ಚಕ್ಕುಲಿ ತಿನ್ನುತ್ತ ಮಾತು ಸಾಬರ ಮೇಲೆ ಬಂತು. ಏನೇನು ಮಾತು ಎಂದು ಇಲ್ಲಿ ಹೇಳುವುದಿಲ್ಲ, ನಿಮಗೂ ವಾಟ್ಸಾಪ್ ಇದೆಯಲ್ಲ. ಇವನ ಬಾಯಲ್ಲಿ ಅವರದೇ ಚಕ್ಕುಲಿ. ಏನು ಮಾಡುವುದು? ಭಟ್ಕಳ ದಾಟುವಾಗ ಅವರೇ ಕೇಳಿದರು, "ನಿಮ್ಮ ಹೆಸರು ಗೊತ್ತಾಗಲಿಲ್ಲ?" ಹೇಳಿದ. ಸೀಟಿನಲ್ಲಿ ಮಾತು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಅವರು, "ನಿಮ್ಮಂಥವರ ಬಗ್ಗೆ ಅಲ್ಲ ಮಾರಾಯ್ರೆ ನಾವು ಹೇಳಿದ್ದು" ಎಂದು ಇನ್ನೆರಡು ಚಕ್ಕುಲಿ ಕೊಟ್ಟರಂತೆ.

ನನಗೆ ಇಂಥ ಮಾತು ಕಿವಿಗೆ ಬೀಳುವುದೇ ಇಲ್ಲ. ನಾನು ಹತ್ತಿದ ಕೂಡಲೇ ಬೋಗಿಯಲ್ಲಿ ಮಾತು ಬದಲಾಗುತ್ತದೆ. ನನ್ನ ಸ್ಕಾರ್ಫ್ ಎದುರಿನವರಿಗೂ ಒಂದು ಎಚ್ಚರಿಕೆ. ಹಾಗಾಗಿ ನನಗೆ ಸಿಗುವುದು ಮರ್ಯಾದೆಯ ಮೌನ, ಅವನಿಗೆ ಸಿಗುವುದು ಪೂರ್ತಿ ಮಾತು. ಇಬ್ಬರಲ್ಲಿ ಅವನ ಪಾಡೇ ಕಷ್ಟ ಎಂದು ಈಗ ನನಗೆ ಅನ್ನಿಸುತ್ತದೆ. ಗುರುತು ಹೇಳಬೇಕಾದ ಗಳಿಗೆಯನ್ನು ಅವನು ಪ್ರತಿಸಲ ತಾನೇ ಆರಿಸಿಕೊಳ್ಳಬೇಕು. ಬೇಗ ಹೇಳಿದರೆ ಚಕ್ಕುಲಿ ಇಲ್ಲ, ತಡವಾಗಿ ಹೇಳಿದರೆ ಮೋಸ ಮಾಡಿದ ಹಾಗೆ.

ಈಗ ಸ್ವಲ್ಪ ಹಿಂದೆ ಹೋಗೋಣ. 1340ರ ದಶಕದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಇಲ್ಲಿಯ ಮುಸ್ಲಿಮರು ಶಾಫಿ ಎಂಬ ಧರ್ಮಶಾಸ್ತ್ರ ಪಂಥದವರು ಎಂದು ಬರೆದ. ಕರಾವಳಿಯಲ್ಲಿ ಇವತ್ತಿಗೂ ಹಾಗೇ ಇದೆ, ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿ ಪಂಥದವರು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದ. ಹೆಂಗಸರೆಲ್ಲ ಕುರಾನನ್ನು ಬಾಯಿಪಾಠ ಮಾಡಿದ್ದಾರೆ ಎಂದ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಬಟ್ಟೆಯ ವಿಷಯ. ಈ ಊರಿನ, ಈ ಕರಾವಳಿಯ ಹೆಂಗಸರು ಹೊಲಿದ ಬಟ್ಟೆ ಹಾಕುವುದಿಲ್ಲ. ಹೊಲಿಗೆಯಿಲ್ಲದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ತಲೆಗೂ ಎದೆಗೂ ಹೊದೆಯುತ್ತಾರೆ. ಮೂಗಿಗೆ ಚಿನ್ನದ ಉಂಗುರ.

ಇದು ಯಾರ ವೇಷ ಹೇಳಿ? ಆತ ಇಡೀ ಕರಾವಳಿಯ ಹೆಂಗಸರೆಂದೇ ಬರೆದಿದ್ದಾನೆ. ನಾನಿದನ್ನು ಊರಿನ ಉಡುಗೆ ಎಂದು ಓದಿಕೊಳ್ಳುತ್ತೇನೆ. ಆ ಕಾಲದಲ್ಲಿ ಹೊನ್ನಾವರದ ಧಕ್ಕೆಯ ಮೇಲೆ ನನ್ನಂಥವಳನ್ನು ದೂರದಿಂದ ನೋಡಿ ಧರ್ಮ ಹೇಳುವುದು ಕಷ್ಟವಾಗುತ್ತಿತ್ತು. ನನ್ನ ಅಜ್ಜಿಯೂ ಸೀರೆಯನ್ನೇ ಉಡುತ್ತಿದ್ದಳು, ಸೆರಗು ತಲೆಯ ಮೇಲೆ. ಮಳೆಗಾಲದಲ್ಲಿ ಪಕ್ಕದ ಮನೆಯ ನಾಯ್ಕರ ಅಜ್ಜಿಯೂ ಸೆರಗು ತಲೆಗೆ ಹೊದ್ದುಕೊಂಡರೆ ಹಿಂದಿನಿಂದ ಯಾರು ಯಾರೆಂದು ನಾವು ಮಕ್ಕಳು ಪಂದ್ಯ ಕಟ್ಟುತ್ತಿದ್ದೆವು. ಕಪ್ಪು ಬುರ್ಖಾ ನಮ್ಮ ಕಡೆ ಇಷ್ಟು ಜಾಸ್ತಿಯಾದದ್ದು ಗಂಡಸರು ಗಲ್ಫಿಗೆ ಹೋಗಲು ಶುರುವಾದ ಮೇಲೆ. ದುಬೈಯಿಂದ ಟೇಪ್‌ರೆಕಾರ್ಡರ್ ಬಂತು, ಟ್ಯಾಂಗ್ ಡಬ್ಬಿ ಬಂತು, ಅಬಾಯಾನೂ ಬಂತು. ಇದನ್ನು ನಮ್ಮವರ ಎದುರು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಹಾಗೆಂದು ಇದು ನಕಲಿ ಎಂದು ನಾನು ಹೇಳುತ್ತಿಲ್ಲ. ಸಲ್ವಾರ್ ಕಮೀಜ್ ಕೂಡ ಶಿರಸಿಗೆ ಹೊರಗಿನಿಂದ ಬಂದದ್ದೇ ಅಲ್ವಾ? ಬಂದದ್ದು ನಮ್ಮದಾಗುತ್ತದೆ. ನಾನು ಹಾಕಿಕೊಳ್ಳುವುದು ನನಗೆ ಬೇಕೆಂದೇ. ಆದರೆ ಬೇರೆಯವಳಿಗೆ ಬೇಡವಾದರೆ ಅದೂ ಅವಳ ಇಷ್ಟ.

ಇಲ್ಲಿ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಗುರುತು ಕಂಡ ಕೂಡಲೇ ನಮ್ಮನ್ನು ಪ್ರತಿನಿಧಿ ಮಾಡುವುದು ಹೊರಗಿನವರು ಮಾತ್ರವಲ್ಲ. ಬುರ್ಖಾ ಹಾಕಿಕೊಂಡು ಹೋಟೆಲಿನಲ್ಲಿ ಒಬ್ಬಳೇ ಕೂತು ಮಸಾಲೆ ದೋಸೆ ತಿಂದರೆ ಸಂಜೆಯೊಳಗೆ ಮನೆಗೆ ಸುದ್ದಿ. ಗೆಳೆಯನ ಬೈಕಿನ ಹಿಂದೆ ಕೂತ ಹುಡುಗಿಯನ್ನು ನಿಲ್ಲಿಸಿ ಪ್ರಶ್ನೆ ಮಾಡುವ ಪುಂಡರು ಎರಡೂ ಕಡೆ ಇದ್ದಾರೆ. ಒಬ್ಬರು "ನಮ್ಮ ಹುಡುಗಿ" ಎನ್ನುತ್ತಾರೆ, ಇನ್ನೊಬ್ಬರು "ಅವರ ಹುಡುಗಿ" ಎನ್ನುತ್ತಾರೆ. ಅವಳ ಹೆಸರು ಏನೆಂದು ಇಬ್ಬರೂ ಕೇಳುವುದಿಲ್ಲ.

ಬುರ್ಖಾದ ಒಳಗೇನಿದೆ ಎಂದು ಭಟ್ಕಳದ ಹೂವಿನವರನ್ನು ಕೇಳಿ. ಭಟ್ಕಳ ಮಲ್ಲಿಗೆ ಗೊತ್ತಲ್ಲ? ಬೆಳೆಯುವವರು, ಕಟ್ಟುವವರು ಹೆಚ್ಚಾಗಿ ಹಿಂದೂ ಮನೆಗಳ ಹೆಂಗಸರು. ಮೊಳಗಟ್ಟಲೆ ಕೊಳ್ಳುವವರು ನವಾಯತರು. ಈದ್ ಹತ್ತಿರ ಬಂದರೆ, ಮದುವೆ ಸೀಸನ್ ಶುರುವಾದರೆ ದರ ಆಕಾಶಕ್ಕೆ. ಹೂವಿನವರಿಗೆ ನಮ್ಮ ಹಬ್ಬದ ಚಂದ್ರ ನಮಗಿಂತ ಮೊದಲೇ ಕಾಣುತ್ತದೆ. ಆ ಕಪ್ಪು ಬಟ್ಟೆಯ ಕೆಳಗೆ ಜಡೆಯ ಉದ್ದಕ್ಕೂ ಮಲ್ಲಿಗೆ ಇದೆ ಎನ್ನುವುದು ಅವರಿಗೆ ಗೊತ್ತಿದ್ದಷ್ಟು ಟಿವಿ ಚರ್ಚೆಯವರಿಗೆ ಗೊತ್ತಿಲ್ಲ.

ಟಿವಿ ಎಂದ ಮೇಲೆ 2022ನ್ನು ಬಿಟ್ಟು ಹೋಗಲಾಗುವುದಿಲ್ಲ. ಹಿಜಾಬ್ ಗಲಾಟೆ ಉಡುಪಿಯ ಕಾಲೇಜಿನಲ್ಲಿ ಶುರುವಾದದ್ದು. ಫೆಬ್ರವರಿ 5ಕ್ಕೆ ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. 10ಕ್ಕೆ ಹೈಕೋರ್ಟಿನ ಮಧ್ಯಂತರ ಆದೇಶ. ಮಾರ್ಚ್ 15ಕ್ಕೆ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ತೀರ್ಪು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ್ ಗುಪ್ತಾ ಒಂದು ಕಡೆ, ಸುಧಾಂಶು ಧುಲಿಯಾ ಇನ್ನೊಂದು ಕಡೆ. ಇದು ಕೊನೆಗೂ ಆಯ್ಕೆಯ ವಿಷಯ ಎಂದು ಧುಲಿಯಾ ಬರೆದರು. ಕಾನೂನು ತಿಳಿದವರು ಉಳಿದದ್ದನ್ನು ಹೇಳಲಿ. ನಾನು ಕಂಡದ್ದು ಬೇರೆ. ಹದಿನೇಳು ವರ್ಷದ ಹುಡುಗಿಯರ ಬಾಯಿಗೆ ಮೈಕ್ ಹಿಡಿದು ಸಂವಿಧಾನ ಕೇಳಿದರು, ಕುರಾನ್ ಕೇಳಿದರು, ಷಡ್ಯಂತ್ರ ಇದೆಯಾ ಎಂದು ಕೇಳಿದರು. ಗೇಟಿನ ಹೊರಗೆ ಟೀಚರುಗಳೂ ಸ್ಕಾರ್ಫ್ ಬಿಚ್ಚುವುದನ್ನು ಕ್ಯಾಮೆರಾದಲ್ಲಿ ಹಿಡಿದರು. ನಾನು ಕೆಲಸ ಮಾಡುವ ಕಡೆ ಯಾವ ಗಲಾಟೆಯೂ ಆಗಲಿಲ್ಲ. ಸ್ಟಾಫ್‌ರೂಮಿನಲ್ಲಿ ಹವಾಮಾನದ ಮಾತು ಮಾತ್ರ ಜಾಸ್ತಿಯಾಯಿತು. ಫೆಬ್ರವರಿಯಲ್ಲಿ ನಮ್ಮ ಕರಾವಳಿಯ ಹವಾಮಾನದ ಬಗ್ಗೆ ಅಷ್ಟೊಂದು ಮಾತಾಡಲು ಏನಿದೆ ಹೇಳಿ? ಸೆಕೆ, ಮತ್ತೆ ಸೆಕೆ. ಅದಕ್ಕೂ ಎರಡು ವರ್ಷ ಮೊದಲು ಕೊರೊನಾ ಬಂದಾಗ ತಬ್ಲೀಘಿ ಜಮಾತಿನವರು, ರೋಗ ಹರಡುತ್ತಾರೆ ಎಂದು ತರಕಾರಿ ಮಾರುವ ಮುಸ್ಲಿಮರನ್ನೂ ಓಡಿಸಿದ್ದರು. ಆ ವರ್ಷ ಇಡೀ ಊರೇ ಮುಖ ಮುಚ್ಚಿಕೊಂಡಿತ್ತು, ಆದರೂ ನಮ್ಮನ್ನು ಗುರುತು ಹಿಡಿದರು.

ಶಿರಸಿಯವರಿಗೆ 2017ರ ಡಿಸೆಂಬರ್ ನೆನಪಿರುತ್ತದೆ. ಹೊನ್ನಾವರದಲ್ಲಿ ಒಬ್ಬ ಯುವಕ ತೀರಿಕೊಂಡ. ಕೊಲೆ ಎಂದು ಸುದ್ದಿ ಹಬ್ಬಿತು. ಹೊನ್ನಾವರ, ಕುಮಟಾ, ಇಲ್ಲಿ ಶಿರಸಿಯಲ್ಲೂ ಕಲ್ಲು, ಬೆಂಕಿ. 2022ರಲ್ಲಿ ಸಿಬಿಐ ತನಿಖೆ ಮುಗಿಸಿ, ಅದು ಆಕಸ್ಮಿಕ ಸಾವು ಎಂದು ಕೋರ್ಟಿಗೆ ವರದಿ ಕೊಟ್ಟಿತು. ಮಗನನ್ನು ಕಳೆದುಕೊಂಡ ಮನೆಯ ದುಃಖಕ್ಕೆ ಆ ವರದಿಯಿಂದ ಏನೂ ವ್ಯತ್ಯಾಸವಾಗುವುದಿಲ್ಲ, ಅದು ಬೇರೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಎಂದರೆ, ಮಾವ ಟೋಪಿಯನ್ನು ಜೇಬಿಗೆ ಹಾಕಿಕೊಂಡು ಬಂದರು. ಗಡ್ಡವನ್ನು ಜೇಬಿಗೆ ಹಾಕಲಾಗುವುದಿಲ್ಲವಲ್ಲ, ಅದಕ್ಕೆ ಮಫ್ಲರ್ ಸುತ್ತಿಕೊಂಡಿದ್ದರು. ಅತ್ತೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಕೂಟರಿನ ಮುಂದಿದ್ದ 786 ಸ್ಟಿಕ್ಕರ್ ಕೆರೆಯುತ್ತಿದ್ದರು. ಉಗುರಿಗೆ ಬರಲಿಲ್ಲ. ಚಾಕು ತಂದರು, ಬಣ್ಣ ಹೋಗುತ್ತದೆ ಎಂದು ಮಾವ ಬೈದರು. ಸೀಮೆಎಣ್ಣೆ ಹಚ್ಚಿ ಉಜ್ಜಿದರು. ಏಳೂ ಎಂಟೂ ಹೋದವು, ಆರು ಅರ್ಧ ಉಳಿಯಿತು. ಆ ಸ್ಕೂಟರ್ ಮಾರುವ ತನಕ ಅದು ಹಾಗೇ ಇತ್ತು. ಇದೇ ಲೆಕ್ಕವನ್ನು 1993ರ ಗಲಭೆಯ ತಿಂಗಳುಗಳಲ್ಲಿ ಭಟ್ಕಳದ ನಮ್ಮವರ ಕೇರಿಗಳ ಹತ್ತಿರ ಹಣೆಗೆ ಕುಂಕುಮ ಇಟ್ಟವರೂ ಹಾಕಿದ್ದರು. ಅದನ್ನು ಹೇಳದೆ ಇದನ್ನು ಮಾತ್ರ ಹೇಳಿದರೆ ಸರಿಯಾಗುವುದಿಲ್ಲ.

ನಿಮ್ಮ ಊರಿನಲ್ಲಿ ನಿಂತು ಯಕ್ಷಗಾನದ ಹೆಸರೆತ್ತದೆ ಇಳಿದರೆ ಮರ್ಯಾದೆಯಲ್ಲ. ನಮ್ಮ ಆಟದಲ್ಲಿ ವೇಷ ಕಂಡ ಕೂಡಲೇ ಪಾತ್ರ ಗೊತ್ತು. ಮುಖದ ಬಣ್ಣ, ಕಿರೀಟ, ಪ್ರವೇಶದ ಅಬ್ಬರ ನೋಡಿದರೆ ರಾಕ್ಷಸ ಎಂದು ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಾದ ಮೇಲೆ ನಾವು ಎದ್ದು ಹೋಗುತ್ತೇವಾ? ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ನೋಡಲು ಜನ ಗದ್ದೆಬಯಲಿನಲ್ಲಿ ಚಳಿಗೆ ಕೂತಿರುತ್ತಿದ್ದರು. ಕೆಟ್ಟವನು ಎಂದು ಗೊತ್ತಿದ್ದೂ ಅವನಿಗೆ ಪದ್ಯ ಕೊಡುತ್ತೇವೆ, ಕುಣಿತ ಕೊಡುತ್ತೇವೆ, ಅವನ ಆಸೆ, ಹೊಟ್ಟೆಕಿಚ್ಚು, ತಮಾಷೆ ಎಲ್ಲ ಅವನ ಬಾಯಿಂದಲೇ ಕೇಳುತ್ತೇವೆ. ನಮ್ಮನ್ನು ರಾಕ್ಷಸರಿಗೆ ಹೋಲಿಸಿದಳು ಎಂದು ನಾಳೆ ಪೇಪರಿನಲ್ಲಿ ಹಾಕಬೇಡಿ, ಮಾರಾಯ್ರೆ. ವೇಷ ಕಂಡ ಮೇಲೂ ಅರ್ಥ ಕೇಳುವ ಅಭ್ಯಾಸ ನಮ್ಮ ಜನರಿಗೆ ಹೊಸದಲ್ಲ ಎಂದಷ್ಟೇ ಹೇಳಿದೆ.

ಹಳಿಯಾಳದ ಮುಸ್ಲಿಂ ಸಿದ್ದಿಯರನ್ನು ನೆನೆಸಿಕೊಂಡರೆ ಈ ಗುರುತಿನ ಆಟ ಇನ್ನೂ ವಿಚಿತ್ರ ಅನ್ನಿಸುತ್ತದೆ. ಸಿದ್ದಿಯರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಲ್ಲಿಯ ಒಬ್ಬಾಕೆ ನನಗೆ ಹೇಳಿದ್ದು: "ನನ್ನ ಸ್ಕಾರ್ಫ್ ಯಾರಿಗೂ ಕಾಣೋದೇ ಇಲ್ಲ ಅಕ್ಕ. ಕೂದಲು, ಬಣ್ಣ ನೋಡಿ ಆಫ್ರಿಕಾದಿಂದ ಬಂದ್ರಾ ಅಂತಾರೆ. ಹಳಿಯಾಳ ಅಂದ್ರೆ ನಗ್ತಾರೆ."

ಇಷ್ಟು ಹೇಳಿ ನಾನು ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು.

ಹಿರಿಯರೊಬ್ಬರು ಎದ್ದು, ನೇರವಾಗಿ ಕೇಳಿದರು: "ಎಲ್ಲಾದರೂ ಬಾಂಬ್ ಬಿದ್ದರೆ ನಿಮ್ಮವರು ಯಾಕೆ ಗಟ್ಟಿಯಾಗಿ ಖಂಡಿಸುವುದಿಲ್ಲ?" ಬೆನ್ನ ಹಿಂದೆ ಆಡುವ ಪ್ರಶ್ನೆಯನ್ನು ಎದುರಿಗೆ ಕೇಳಿದರಲ್ಲ ಎಂದು ನನಗೆ ನಿಜವಾಗಿ ಖುಷಿಯಾಯಿತು. ಖಂಡಿಸುತ್ತಾರೆ, ಮಸೀದಿಯಲ್ಲೂ ಖಂಡಿಸುತ್ತಾರೆ, ಪತ್ರಿಕಾಗೋಷ್ಠಿಯಲ್ಲೂ ಖಂಡಿಸುತ್ತಾರೆ, ಅದು ಒಳಪುಟದಲ್ಲಿ ಎರಡು ಸಾಲು ಬರುತ್ತದೆ ಎಂದೆ. "ಸರ್, ನಿಮಗೆ ತೋಟ ಇದೆಯಾ?" ಇದೆ ಎಂದರು. "ನಿಮ್ಮ ಪೈಕಿ ಒಬ್ಬರು ಅಡಿಕೆಗೆ ಕಲಬೆರಕೆ ಮಾಡಿ ಸಿಕ್ಕಿಬಿದ್ದರೆ, ಮರುದಿನ ಬೆಳಿಗ್ಗೆ ಹಾಲು ತರಲು ಹೋದಾಗ ನೀವದನ್ನು ಖಂಡಿಸಿಯೇ ಹಾಲು ತರುತ್ತೀರಾ?" ಅವರು ನಕ್ಕರು. ಆದರೆ ಒಪ್ಪಲಿಲ್ಲ. ಬಾಂಬೂ ಅಡಿಕೆಯೂ ಒಂದಲ್ಲ ಎಂದರು. ಅದು ಸರಿಯೇ. ಆಮೇಲೆ ಚಹಾ ಕುಡಿಯುವಾಗಲೂ ನಾವಿಬ್ಬರೂ ವಾದ ಮಾಡಿದೆವು. ಇಬ್ಬರ ದನಿಯೂ ಏರಿತ್ತು. ಆ ಸಂಜೆಯ ಅತ್ಯಂತ ಒಳ್ಳೆಯ ಹತ್ತು ನಿಮಿಷ ಅದೇ ಎನ್ನಬೇಕು.

ಕೊನೆಯ ಪ್ರಶ್ನೆ ಸಭೆಯಲ್ಲಿ ಬಂದದ್ದಲ್ಲ. ಎಲ್ಲರೂ ಕುರ್ಚಿ ಮಡಚುವಾಗ ಒಬ್ಬ ಹುಡುಗಿ ಹತ್ತಿರ ಬಂದಳು. ಬಿ.ಕಾಂ. ಮುಗಿದಿದೆ, ಹುಬ್ಬಳ್ಳಿಯಲ್ಲಿ ಇಂಟರ್‌ವ್ಯೂ ಇದೆ. "ಮೇಡಂ, ಸ್ಕಾರ್ಫ್ ಹಾಕ್ಕೊಂಡು ಹೋಗ್ಲಾ, ತೆಗೆದು ಹೋಗ್ಲಾ?" ಅಮ್ಮ ಒಂದು ಹೇಳಿದ್ದಾರೆ, ಗೆಳತಿಯರು ಇನ್ನೊಂದು ಹೇಳಿದ್ದಾರೆ. ಮೂರನೆಯವಳಾಗಿ ನಾನೂ ಹೇಳುವುದು ನನಗೆ ಬೇಡವಾಗಿತ್ತು. ಹಾಕಿಕೊಂಡು ಹೋಗಿ ಕೆಲಸ ಸಿಗದಿದ್ದರೆ ಸ್ಕಾರ್ಫಿನಿಂದಲೇ ಅನ್ನಿಸುತ್ತದೆ, ತೆಗೆದು ಹೋಗಿ ಸಿಕ್ಕಿದರೆ ತೆಗೆದದ್ದಕ್ಕೇ ಅನ್ನಿಸುತ್ತದೆ, ಎರಡೂ ನಿಜವೋ ಸುಳ್ಳೋ ನಿನಗೆ ಯಾವತ್ತೂ ಗೊತ್ತಾಗುವುದಿಲ್ಲ ಎಂದೆ. ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತವಳಿಗೆ ಈ ಚಿಂತೆ ಇರುವುದಿಲ್ಲ, ಅವಳು ಆ ಹೊತ್ತಿನಲ್ಲಿ ಉತ್ತರ ನೆನಪು ಮಾಡಿಕೊಳ್ಳುತ್ತಿರುತ್ತಾಳೆ. ಹಾಗಾಗಿ ಇದನ್ನು ಮನೆಯಲ್ಲೇ ತೀರ್ಮಾನ ಮಾಡಿ ಹೊರಡು, ಬಸ್ಸಿನಲ್ಲಿ ಮತ್ತೆ ಯೋಚಿಸಬೇಡ.

ಸರಿ ಎಂದಳು. ಟ್ಯಾಲಿ ಬರುತ್ತಾ ಎಂದು ಕೇಳಿದೆ. ಬರುತ್ತದೆ ಎಂದಳು. ಜಿಎಸ್‌ಟಿ ರಿಟರ್ನ್ ಹಾಕಲು? ಅದು ಸರಿಯಾಗಿ ಬರುವುದಿಲ್ಲವಂತೆ, ಕಾಲೇಜಿನಲ್ಲಿ ಮೇಲೆಮೇಲೆ ಹೇಳಿ ಬಿಟ್ಟರಂತೆ. ಅದನ್ನು ಕೇಳಿಯೇ ಕೇಳುತ್ತಾರೆ, ಇನ್ನೂ ನಾಲ್ಕು ದಿನ ಇದೆ, ಮೊದಲು ಅದನ್ನು ಕಲಿ ಎಂದು ಬೈದು ಕಳಿಸಿದೆ.